ಹಳದಿ ಗೆರೆಯ ನಡುವೆ ನಿಂತ ಪೆಟ್ಟಿಗೆ

ನಗರದ ಬೀದಿಗಳನ್ನು ಅಂದಗೊಳಿಸುವ ಹೊಣೆ ಹೊತ್ತ ಮುಖ್ಯ ಎಂಜಿನಿಯರ್ ಸಾಹೇಬರಿಗೆ,

ಮಾನ್ಯರೇ,

ಕಣ್ಣು ಕಾಣದವರಿಗೆಂದು ನಮ್ಮ ಬೀದಿಯ ಫುಟ್‌ಪಾತಿನಲ್ಲಿ ತಾವು ಹಾಸಿರುವ ಹಳದಿ ಉಬ್ಬುಗೆರೆಯ ಕಲ್ಲುಗಳು ಹದಿನೇಳನೆಯ ಅಂಗಡಿಯ ಮುಂದೆ ನೇರವಾಗಿ ಒಂದು ವಿದ್ಯುತ್ ಪೆಟ್ಟಿಗೆಗೆ ಹೋಗಿ ಮುಟ್ಟುತ್ತವೆ. ಆಮೇಲೆ ಏನೂ ಆಗಿಲ್ಲವೆಂಬಂತೆ ಅದರ ಬೆನ್ನ ಹಿಂದಿನಿಂದ ಮತ್ತೆ ಹೊರಡುತ್ತವೆ. ಕಲ್ಲುಗಳಿಗೇನೋ ಆ ವಿದ್ಯೆ ಗೊತ್ತು, ಮನುಷ್ಯರಿಗೆ ಗೊತ್ತಿಲ್ಲ. ನನ್ನ ಅಕ್ಕನ ಹಣೆಯ ಮೇಲಿನ ಆರು ಹೊಲಿಗೆಗಳೇ ಇದಕ್ಕೆ ಸಾಕ್ಷಿ. ಹೊಲಿಗೆ ಎಣಿಸುವುದರಲ್ಲಿ ನಾನು ತಪ್ಪುವವನಲ್ಲ. ಆ ಹದಿನೇಳನೆಯ ಅಂಗಡಿಯ ದರ್ಜಿ ನಾನೇ.

ಬೀದಿಗೆ ತಾವು ಏನೂ ಮಾಡಿಲ್ಲ ಎಂದು ಯಾರೂ ಅನ್ನುವಂತಿಲ್ಲ. ಹಳೆಯ ದೀಪದ ಕಂಬಗಳನ್ನು ಕೀಳದೆ ಎರಡು ಸಲ ಹೊಸವನ್ನು ನೆಟ್ಟದ್ದರಿಂದ ಮೂರು ಬಗೆಯ ಕಂಬಗಳು ಗುಂಪು ಫೋಟೋಗೆ ನಿಂತ ಬಂಧುಗಳಂತೆ ಒತ್ತೊತ್ತಾಗಿ ನಿಂತಿವೆ. ಮೂಲೆಯಲ್ಲೊಂದು ಸಿಮೆಂಟಿನ ಹಂಸವಿದೆ. ಮಕ್ಕಳು ಅದನ್ನು ಒಂಟೆ ಅನ್ನುತ್ತಾರೆ, ನಾವೂ ತಿದ್ದಲು ಹೋಗಿಲ್ಲ. ಬೆಂಚುಗಳು ಗೋಡೆಗೆ ಮುಖ ಮಾಡಿವೆ, ಕೂತರೆ ಮೊಣಕಾಲು ಗೋಡೆಗೆ ತಾಗುತ್ತದೆ. ಇದನ್ನೆಲ್ಲ ಕಣ್ಣಿದ್ದ ನಾವು ಮುಖ ತಿರುಗಿಸಿಕೊಂಡು ಸಹಿಸಿದೆವು. ಆದರೆ ಪೆಟ್ಟಿಗೆಯ ಮಾತೇ ಬೇರೆ.

ಅಕ್ಕ ಹುಟ್ಟಿನಿಂದ ಕಣ್ಣು ಕಾಣದವಳು. ದೊಡ್ಡಾಸ್ಪತ್ರೆಯಲ್ಲಿ ಟೆಲಿಫೋನ್ ಆಪರೇಟರ್. ಇಪ್ಪತ್ತೆರಡು ವರ್ಷಗಳಿಂದ ಬಿಳಿ ಕೋಲು ಹಿಡಿದು ಒಬ್ಬಳೇ ಬಸ್ ನಿಲ್ದಾಣಕ್ಕೆ ಹೋಗುತ್ತಿದ್ದಾಳೆ. ಹಳೆಯ ಫುಟ್‌ಪಾತಿನ ಒಂದೊಂದು ಹಳ್ಳವೂ ಅವಳಿಗೆ ಪರಿಚಯ. ಕಲ್ಲು ಅಲುಗಾಡಿದರೆ ಚಪ್ಪಲಿ ರಿಪೇರಿಯವನ ಅಂಗಡಿ ಬಂತೆಂದು ಲೆಕ್ಕ. ಹಳದಿ ಕಲ್ಲು ಬಂದಾಗ ಬೀದಿಯಲ್ಲಿ ಎಲ್ಲರಿಗಿಂತ ಹೆಚ್ಚು ಹಿಗ್ಗಿದವಳು ಅವಳೇ. ಚಪ್ಪಲಿ ಬಿಟ್ಟು ಅಂಗಾಲಿನಿಂದ ಗೆರೆಗಳನ್ನು ಸವರಿ ನೋಡಿ, "ಕೊನೆಗೂ ಯಾರೋ ನಮ್ಮನ್ನ ನೆನೆಸಿಕೊಂಡ್ರು ಕಣೋ" ಅಂದಳು.

ಮರುದಿನ ಬೆಳಿಗ್ಗೆ ಗೆರೆಯನ್ನು ನಂಬಿ ಬಿರುಸಾಗಿ ನಡೆದಳು. ಕಲ್ಲುಗಳ ಜೊತೆಗೇ ಹೊಸದಾಗಿ ಬಂದ ಆ ಪೆಟ್ಟಿಗೆ ಸೊಂಟದೆತ್ತರದ ಎರಡು ಕಾಲುಗಳ ಮೇಲೆ ನಿಂತಿದೆ. ಕೋಲು ಆ ಕಾಲುಗಳ ನಡುವೆ ನುಸುಳಿತು. ಮಳೆ ತಡೆಯಲೆಂದು ಮುಂದಕ್ಕೆ ಚಾಚಿದ ತಗಡಿನ ಅಂಚು ಹಣೆಗೆ ಬಡಿಯಿತು. ಕೊರಳಲ್ಲಿ ಟೇಪು ನೇತಾಡಿಸಿಕೊಂಡೇ ನಾನು ಹೊರಗೆ ಓಡಿದೆ. ಅಕ್ಕ ನೆಲದ ಮೇಲೆ ಕೂತು, ಸೆರಗನ್ನು ಹಣೆಗೆ ಒತ್ತಿಕೊಂಡೇ, ತನಗೆ ಬಡಿದದ್ದೇನೆಂದು ಕೇಳಿದಳು. ಹೇಳಿದೆ.

"ಯಾವ ಬಣ್ಣ ಅದು?"

"ಹಸಿರು. ಮೇಲೆ ಸೂರ್ಯಕಾಂತಿ ಹೂ ಬರೆದಿದ್ದಾರೆ."

"ಪಾಪ, ಎಷ್ಟು ಕಷ್ಟಪಟ್ಟಿದ್ದಾರೆ" ಅಂದಳು.

ತಮ್ಮ ಕಚೇರಿಗೆ ಬಂದೆ. ಕಲ್ಲು ತಮ್ಮದು, ಪೆಟ್ಟಿಗೆ ಬೇರೆ ಇಲಾಖೆಯದು ಎಂದು ತಿಳಿಯಿತು. ತಮ್ಮ ಸಹಾಯಕರು ನಕ್ಷೆ ಬಿಡಿಸಿ, ಗೆರೆ ಸರಿಯಾಗಿಯೇ ಇದೆ, ನಕ್ಷೆಯಲ್ಲಿ ಪೆಟ್ಟಿಗೆಯೇ ಇಲ್ಲ ಎಂದು ತೋರಿಸಿದರು. ಅಕ್ಕ ನಕ್ಷೆಯ ಮೇಲೆ ನಡೆಯುತ್ತಿರಲಿಲ್ಲ ಎಂದೆ. ಅರ್ಜಿ ಬರೆದುಕೊಡಿ ಅಂದರು. ಮೂರು ಕೊಟ್ಟೆ. ಒಂದಕ್ಕೂ ಉತ್ತರವಿಲ್ಲ.

ಕೊನೆಗೆ ನನಗೆ ಗೊತ್ತಿರುವ ಒಂದೇ ಕೆಲಸ ಮಾಡಿದೆ: ಪೆಟ್ಟಿಗೆಗೊಂದು ಕೋಟು ಹೊಲಿದೆ. ಪಕ್ಕದ ಕ್ಷೌರದಂಗಡಿಯವನು ಟೇಪಿನ ಇನ್ನೊಂದು ತುದಿ ಹಿಡಿದ. ಒಳಗೆ ದಪ್ಪ ಸ್ಪಂಜು, ಹೊರಗೆ ರೆಕ್ಸಿನ್, ತಗಡಿನ ಅಂಚಿಗೆ ಎರಡು ಪದರ. ಇಷ್ಟು ಅಲುಗಾಡದೆ ಅಳತೆ ಕೊಟ್ಟ ಗಿರಾಕಿಯನ್ನು ನಾನು ಕಂಡಿಲ್ಲ. ಪೆಟ್ಟಿಗೆ ತಮ್ಮದಲ್ಲವೆಂದಿದ್ದರೂ ನಾಲ್ಕನೆಯ ದಿನ ತಮ್ಮಿಂದಲೇ ನೋಟಿಸು ಬಂತು. ಅದರ ಹಿಂದೆಯೇ ಒಂದು ಗಾಡಿ, ಐದು ಜನ ಬಂದು ಕೋಟು ಬಿಚ್ಚಿಕೊಂಡು ಹೋದರು. ಗಾಳಿಯಾಡದೆ ಬೆಂಕಿ ಹತ್ತಬಹುದೆಂದು ನೋಟಿಸಿನಲ್ಲಿದೆ. ಅದು ನಿಜವೇ ಇರಬೇಕು, ನನ್ನ ತಪ್ಪನ್ನು ಒಪ್ಪುತ್ತೇನೆ. ಆದರೆ ಪೆಟ್ಟಿಗೆಗೆ ಆಗಬಹುದಾದ ಅಪಾಯಕ್ಕೆ ಐದು ಜನ ಓಡಿ ಬರುವುದಾದರೆ, ಅಕ್ಕನಿಗೆ ಆಗಿಹೋದ ಅಪಾಯಕ್ಕೆ ಒಬ್ಬರಾದರೂ ನಡೆದು ಬರಬಾರದಿತ್ತೇ?

ಆ ತಗಡಿನ ಅಂಚು ಕೋಲಿಗೆ ಸಿಗದ್ದರಿಂದ ಈಗ ಅಕ್ಕ ನಮ್ಮ ಅಂಗಡಿಯ ಹತ್ತಿರ ಫುಟ್‌ಪಾತ್ ಇಳಿದು, ಬಸ್ಸು ಲಾರಿಗಳ ಪಕ್ಕದಲ್ಲಿ ಇಪ್ಪತ್ತು ಹೆಜ್ಜೆ ನಡೆದು ಮತ್ತೆ ಹತ್ತುತ್ತಾಳೆ. ಎರಡು ದಿನ ಸದ್ದಿಲ್ಲದೆ ಹಿಂಬಾಲಿಸಿದೆ. ಮೂರನೆಯ ದಿನ ನಿಂತು ತಿರುಗಿದಳು.

"ನಿನ್ನ ಹೆಜ್ಜೆ ಸದ್ದು ನಂಗೆ ಗೊತ್ತಾಗಲ್ವೇನೋ? ಇಷ್ಟು ವರ್ಷ ಒಬ್ಬಳೇ ಹೋಗಿದ್ದೀನಿ. ಅದೊಂದನ್ನ ನನ್ನಿಂದ ಕಿತ್ಕೋಬೇಡ."

ಅಂದಿನಿಂದ ಬಾಗಿಲಲ್ಲೇ ನಿಲ್ಲುತ್ತೇನೆ. ಅವಳು ಮತ್ತೆ ಫುಟ್‌ಪಾತ್ ಹತ್ತುವವರೆಗೆ ಉಸಿರು ಬಿಡುವುದಿಲ್ಲ. ಮಾನ್ಯರೇ, ಪೆಟ್ಟಿಗೆಯಿಂದ ಹಣೆಗೆ ಆದದ್ದು ಮಾಯುತ್ತಿದೆ. ಈ ಇಪ್ಪತ್ತು ಹೆಜ್ಜೆ ಮಾತ್ರ ದಿನವೂ ಇವೆ.

ನನ್ನ ಬೇಡಿಕೆ ಸಣ್ಣದು. ಪೆಟ್ಟಿಗೆ ಸರಿಸಲು ಇನ್ನೊಂದು ಇಲಾಖೆ ಒಪ್ಪದಿದ್ದರೆ ಬೇಡ, ತಮ್ಮ ಗೆರೆಯನ್ನೇ ಪೆಟ್ಟಿಗೆಯ ಸುತ್ತ ತಿರುಗಿಸಿ. ಎಡಕ್ಕೆ ನಾಲ್ಕು ಕಲ್ಲು, ಮುಂದಕ್ಕೆ ಆರು, ಬಲಕ್ಕೆ ನಾಲ್ಕು. ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಲ್ಲಿ ನಾನೇ ಗೆರೆ ಎಳೆದಿಟ್ಟಿದ್ದೇನೆ. ಗಾರೆಯವನಿಗೆ ಅರ್ಧ ದಿನದ ಕೆಲಸ. ಅನುಮಾನವಿದ್ದರೆ ಸೋಮವಾರ ಬೆಳಿಗ್ಗೆ ಎಂಟು ಗಂಟೆಗೆ ಬನ್ನಿ, ತಮಗೊಂದು ಕಣ್ಣುಪಟ್ಟಿ ಹೊಲಿದಿಟ್ಟಿರುತ್ತೇನೆ. ಅದನ್ನು ಕಟ್ಟಿಕೊಂಡು ತಮ್ಮ ಗೆರೆಯ ಮೇಲೆ ನಡೆಯಿರಿ. ತಮ್ಮ ಕೈ ಹಿಡಿದು ಕರೆದೊಯ್ಯಲು ಅಕ್ಕ ಒಪ್ಪಿದ್ದಾಳೆ. ಎಲ್ಲಿ ತಲೆ ಬಗ್ಗಿಸಬೇಕೆಂದು ಮುಂಚೆಯೇ ಹೇಳುತ್ತಾಳಂತೆ. ತನಗೆ ಯಾರೂ ಹೇಳಿರಲಿಲ್ಲವಲ್ಲ.

ಇಂತಿ,
ಇನ್ನು ಮುಂದೆ ಮನುಷ್ಯರಿಗಷ್ಟೇ ಹೊಲಿಯುವುದಾಗಿ ಮುಚ್ಚಳಿಕೆ ಬರೆದುಕೊಟ್ಟಿರುವ
ಒಬ್ಬ ದರ್ಜಿ