ಖಾಲಿ ಚೌಕ

ತಾ. ೧೧, ಗುರುವಾರ, ಬೆಳಿಗ್ಗೆ

ಮಹಾರಾಯ್ತೀ,

ಹೀಗೆ ಕರೆದರೆ ಮೊದಲು ನಿನಗೆ ನಗು ಬರುತ್ತಿತ್ತು. ಈಗ ಬರುವುದಿಲ್ಲ ಎಂದು ಗೊತ್ತು. ಆದರೆ ಇಪ್ಪತ್ತಾರು ವರ್ಷ ಕರೆದ ಬಾಯಿಗೆ ಬೇರೆ ಹೆಸರು ಹತ್ತುವುದಿಲ್ಲ. ಉಭಯ ಕುಶಲೋಪರಿ ಎಂದು ಶುರು ಮಾಡೋಣವೆಂದರೆ ಕುಶಲ ನಿನ್ನ ಕಡೆಯೂ ಇಲ್ಲ, ನನ್ನ ಕಡೆಯೂ ಇಲ್ಲ. ಇದನ್ನೆಲ್ಲ ಫೋನಿನಲ್ಲಿ ಹೇಳಬಹುದಿತ್ತು. ಫೋನಿನಲ್ಲಾದರೆ ನೀನು ಸುಮ್ಮನಾಗಿಬಿಡುತ್ತೀಯ, ನೀನು ಸುಮ್ಮನಾದ ಕೂಡಲೇ ನಾನು ಬಾಯಿಗೆ ಬಂದದ್ದು ಹೇಳಲು ಶುರು ಮಾಡುತ್ತೇನೆ. ಅದಕ್ಕೇ ಕಾಗದ. ನಿಂತು ಓದಬೇಡ, ಕೂತು ಓದು.

ಸುತ್ತಿ ಬಳಸುವುದು ಬೇಡ. ನಿನ್ನ ತಮ್ಮ ಗುಬ್ಬಿ ಕಾಲುವೆಯಲ್ಲಿ ಮುಳುಗಿಲ್ಲ. ಎರಡು ತಿಂಗಳ ಹಿಂದಿನ ತನಕ ಅವನು ಬದುಕಿದ್ದ, ಮೈ ಕೈ ತುಂಬಿಕೊಂಡು ಚೆನ್ನಾಗಿಯೇ ಇದ್ದ. ಇದು ನೂರಕ್ಕೆ ನೂರು ಸತ್ಯ. ಆದರೆ ನಮಗೆ ಸಿಕ್ಕಿಲ್ಲ. ಸಿಗಬಹುದಿತ್ತು. ಸಿಗದೆ ಹೋದದ್ದು ನನ್ನಿಂದ. ಅದು ಹೇಗೆಂದು ಹೇಳಲು ಈ ಕಾಗದ.

ಹತ್ತೊಂಬತ್ತು ತಿಂಗಳ ಹಿಂದೆ ಅವನು ಮನೆಯಿಂದ ಹೋದಾಗ, ಕಾಲುವೆಯಲ್ಲಿ ನಾಲ್ಕು ದಿನ ಹಗ್ಗಕ್ಕೆ ಕೊಕ್ಕೆ ಕಟ್ಟಿ ಜಾಲಾಡಿದ್ದು ನಿನಗೆ ನೆನಪಿದೆ. ಠಾಣೆಯವರು "ಸಿಕ್ರೆ ನಾವೇ ಹೇಳಿ ಕಳಿಸ್ತೀವಿ" ಎಂದು ಫೈಲು ಮಡಚಿದ ದಿನ ನಾನು ನಿನಗೊಂದು ಮಾತು ಕೊಟ್ಟೆ. ಊರಿನ ಅಂಗಡಿಗಳಿಗೆಲ್ಲ ಬೋರ್ಡು ಬರೆದವನು ನಾನು, ನಿನ್ನ ತಮ್ಮನಿಗೂ ಒಂದು ಬೋರ್ಡು ಬರೆಯುತ್ತೇನೆ, ಅದು ಲೋಕಕ್ಕೆಲ್ಲ ಕಾಣುವ ಹಾಗೆ ತೂಗಿಹಾಕುತ್ತೇನೆ ಎಂದಿದ್ದೆ. ನೀನು ನಿನ್ನ ಚಿಕ್ಕಮ್ಮನ ಮನೆಗೆ ಹೊರಡಲು ಆಗಲೇ ಬಟ್ಟೆ ಜೋಡಿಸುತ್ತಿದ್ದೆ.

ಗ್ರಂಥಾಲಯದ ಸಂಜೆ ತರಗತಿಗೆ ಸೇರಿದೆ. ‘ನಿಮ್ಮ ವೆಬ್‌ಸೈಟ್ ನೀವೇ ಮಾಡಿ, ಹೊಸಬರಿಗೆ, ಎಂಟು ವಾರ.’ ಸುತ್ತ ಕೂತವರೆಲ್ಲ ನನ್ನ ಅರ್ಧ ವಯಸ್ಸಿನವರು. ಒಬ್ಬಳು ಕೇಕ್ ಮಾರಲು ಬಂದಿದ್ದಳು, ಇನ್ನೊಬ್ಬ ತನ್ನ ನಾಯಿಗೆ ಒಂದು ಸೈಟ್ ಮಾಡಲು. ನಲವತ್ತು ವರ್ಷ ಕುಂಚ ಹಿಡಿದು ಏಣಿಯ ಮೇಲೂ ಅದುರದ ಈ ಕೈ, ಆ ಮೌಸ್ ಹಿಡಿದರೆ ಹಾವು ಕಂಡವನ ಹಾಗೆ ನಡುಗುತ್ತಿತ್ತು. ಕಲಿಸುವವಳು ಒಳ್ಳೆಯ ಹುಡುಗಿ. ಪುಟ ಬರೆಯುವುದು, ಅಕ್ಷರ ದಪ್ಪ ಮಾಡುವುದು, ಬಣ್ಣ ಹಾಕುವುದು ಹೇಳಿಕೊಟ್ಟಳು. ಆಮೇಲೆ ಅಪ್‌ಲೋಡ್. ಪರದೆಯಲ್ಲಿ ಎರಡು ಭಾಗ ಇರುತ್ತದೆ. ಎಡಗಡೆ ನಮ್ಮ ಕಂಪ್ಯೂಟರಿನಲ್ಲಿ ಇರುವುದು, ಬಲಗಡೆ ಲೋಕಕ್ಕೆ ಕಾಣುವುದು. ಎಡದಿಂದ ಎಳೆದು ಬಲಕ್ಕೆ ಬಿಟ್ಟರೆ ಅದು ಮೇಲೆ ಹೋಯಿತು ಎಂದು ಲೆಕ್ಕ.

ನಾನು ಪುಟವನ್ನು ಎಳೆದೆ, ಬಿಟ್ಟೆ. ಹೋಯಿತು. ಐದನೆಯ ವಾರಕ್ಕೇ ತರಗತಿ ಬಿಟ್ಟುಬಿಟ್ಟೆ. ಅಲ್ಪವಿದ್ಯಾ ಮಹಾಗರ್ವಿ ಎಂದು ನೀನು ಸುಮ್ಮನೆ ಹಂಗಿಸುತ್ತಿರಲಿಲ್ಲ. ಉಳಿದ ಮೂರು ವಾರ ಏನು ಹೇಳಿಕೊಟ್ಟರೋ ನನಗೆ ಗೊತ್ತಿಲ್ಲ.

ಪುಟದಲ್ಲಿ ಏನಿತ್ತು ಎಂದು ನಿನಗೆ ಫೋನಿನಲ್ಲಿ ಓದಿ ಹೇಳಿದ್ದೆ. ವಯಸ್ಸು ಮೂವತ್ತೆಂಟು, ಎತ್ತರ ಐದಡಿ ಎರಡು ಅಂಗುಲ, ನೀಲಿ ಅಂಗಿ, ಬುದ್ಧಿ ಸಣ್ಣ ಮಗುವಿನದು, ಮಾತು ಕಡಿಮೆ. ಮನೆಯವರು ಮಲಗಿದ್ದಾಗ ಹಿತ್ತಿಲ ಬಾಗಿಲಿನಿಂದ ಕಾಲುವೆಯ ಕಡೆಗೆ ಹೋದವನು ಮರಳಿಲ್ಲ. ಕೆಳಗೆ ನನ್ನ ನಂಬರು. ನಡುವೆ ಆ ಫೋಟೋ, ನಿನ್ನ ಸ್ವೆಟರ್ ಹಾಕಿಕೊಂಡು ಹಲ್ಲು ಕಿರಿದು ನಿಂತದ್ದು. ಆ ಫೋಟೋ ಒಂದಿದ್ದರೆ ಬೇರೆ ಮಾತೇ ಬೇಡ, ಒಮ್ಮೆ ಕಂಡವರು ಆ ಮುಖ ಮರೆಯುವುದಿಲ್ಲ ಎಂದು ನಾನು ಎಲ್ಲ ಭಾರವನ್ನೂ ಅದರ ಮೇಲೆ ಹಾಕಿದ್ದೆ.

ಪುಟದ ಅಡಿಯಲ್ಲಿ, ಎಷ್ಟು ಸಲ ತೆರೆದರು ಎಂದು ತೋರಿಸುವ ಅಂಕಿಯೊಂದನ್ನೂ ಅಂಟಿಸಿದ್ದೆ. ಪ್ರತಿ ಭಾನುವಾರ ನಿನಗೆ ಫೋನು ಮಾಡಿ, ಈ ವಾರಕ್ಕೆ ಒಟ್ಟು ನೂರ ನಲವತ್ತು ಜನ ನೋಡಿದರು, ಈ ವಾರಕ್ಕೆ ಇನ್ನೂರು ದಾಟಿತು ಎಂದು ವರದಿ ಒಪ್ಪಿಸುತ್ತಿದ್ದೆನಲ್ಲ. ಅದು ಏರುತ್ತಾ ಮೂರು ಸಾವಿರ ಮುಟ್ಟಿತು. ಬೆಳಿಗ್ಗೆ ಎದ್ದು ಹಲ್ಲುಜ್ಜುವ ಮೊದಲು ತೆರೆಯುತ್ತಿದ್ದೆ. ಅಕ್ಷರ ಸ್ವಲ್ಪ ದೊಡ್ಡದು ಮಾಡುತ್ತಿದ್ದೆ, ಅಂಚಿನ ಕೆಂಪು ಬದಲಾಯಿಸುತ್ತಿದ್ದೆ, ಮತ್ತೆ ಎಳೆದು ಬಿಡುತ್ತಿದ್ದೆ. ಬೋರ್ಡಿನ ಕೆಲಸ ಈಗ ತಿಂಗಳಿಗೊಂದು ಬಂದರೆ ಹೆಚ್ಚು. ಇದೇ ನನ್ನ ಅಂಗಡಿಯಾಗಿತ್ತು.

ಕಳೆದ ತಿಂಗಳು ಕರಪತ್ರ ತೆಗೆಸಲು ಗ್ರಂಥಾಲಯಕ್ಕೆ ಹೋದೆ. ಅಲ್ಲಿನ ಗುಮಾಸ್ತರು ತಮ್ಮ ಕಂಪ್ಯೂಟರಿನಲ್ಲಿ ನಮ್ಮ ಪುಟ ತೆರೆದರು. ಕೆಂಪು ಅಂಚು ಬಂತು, ಹೆಸರು ಬಂತು, ನಂಬರು ಬಂತು. ನಡುವೆ ಒಂದು ಖಾಲಿ ಚೌಕ. "ಫೋಟೋ ಹಾಕಿಲ್ವಾ?" ಎಂದು ಕೇಳಿದರು. ನಿಮ್ಮ ಕಂಪ್ಯೂಟರ್ ಕೆಟ್ಟಿದೆ ಎಂದು ರೇಗಿದೆ. ಅವರು ತಮ್ಮ ಫೋನಿನಲ್ಲಿ ತೆರೆದರು. ಖಾಲಿ ಚೌಕ. ಪಕ್ಕದಲ್ಲಿ ಪೇಪರ್ ಓದುತ್ತಿದ್ದವರ ಫೋನನ್ನೂ ಕೇಳಿ ತೆರೆಸಿದೆ. ಅಲ್ಲಿಯೂ ಅದೇ.

ಕಲಿಸುವ ಹುಡುಗಿಯನ್ನು ಕರೆಸಿದರು. ಅವಳಿಗೆ ಗೊತ್ತಾಗಲು ಎರಡು ನಿಮಿಷ ಬೇಕಾಗಲಿಲ್ಲ. "ಸರ್, ಪುಟ ಮಾತ್ರ ಮೇಲೆ ಹೋಗಿದೆ. ಫೋಟೋ ಬೇರೆ ಫೈಲು, ಅದನ್ನೂ ಎಳೆದು ಬಿಡಬೇಕಿತ್ತು. ಅದು ನಿಮ್ಮ ಮನೆ ಕಂಪ್ಯೂಟರಲ್ಲೇ ಉಳ್ಕೊಂಡಿದೆ" ಎಂದಳು. ನನಗೆ ದಿನಾ ಕಾಣುತ್ತಿತ್ತಲ್ಲ ಎಂದೆ. ದಿನಾ ನಾನು ತೆರೆಯುತ್ತಿದ್ದುದು ಎಡಗಡೆಯ ಪುಟವಂತೆ, ನನ್ನ ಸ್ವಂತ ಪ್ರತಿ. ಲೋಕಕ್ಕೆ ಕಾಣುವ ಪುಟವನ್ನು ನಾನು ಒಮ್ಮೆಯೂ ನೋಡಿರಲೇ ಇಲ್ಲ. ಆ ಮೂರು ಸಾವಿರವೂ ಹೆಚ್ಚುಕಡಿಮೆ ನಾನೇ. ನನ್ನ ಕಂಪ್ಯೂಟರಿನಲ್ಲಿ ತೆರೆದಾಗಲೆಲ್ಲ ಅಂಕಿ ಒಂದೊಂದೇ ಏರುತ್ತಿತ್ತು.

ಬೋರ್ಡು ತೂಗಿಹಾಕಿದ ಮೇಲೆ ಏಣಿ ಇಳಿದು, ರಸ್ತೆ ದಾಟಿ, ಎದುರುಗಡೆ ನಿಂತು ಓದಬೇಕು. ಕೆಲಸ ಕಲಿಸಿದ ನನ್ನ ದೊಡ್ಡಪ್ಪ ಮೊದಲ ದಿನ ಹೇಳಿದ ಮಾತು. ತಕ್ಕಡಿ ಅಂಗಡಿಯ ಬೋರ್ಡಿಗೂ ರಸ್ತೆ ದಾಟಿದವನು ನಾನು. ಇದೊಂದಕ್ಕೆ ದಾಟಲಿಲ್ಲ. ಫೋಟೋವನ್ನು ಎಡದಿಂದ ಬಲಕ್ಕೆ ಎಳೆದು ಬಿಡಲು ಆ ದಿನ ಹಿಡಿದದ್ದು ಏಳು ಸೆಕೆಂಡು.

ಮನೆಗೆ ಬರುವ ದಾರಿಯಲ್ಲಿ ಇನ್ನೊಂದು ವಿಷಯ ಹೊಳೆಯಿತು. ಕಳೆದ ವರ್ಷ ನಾನು ಕೇಳಿದಾಗ ನೀನು, "ನೋಡ್ದೆ, ಫೋಟೋ ಚೆನ್ನಾಗಿ ಬಂದಿದೆ" ಎಂದಿದ್ದೆ. ನಿನಗೆ ಕಾಣಲು ಅಲ್ಲಿ ಫೋಟೋ ಇರಲಿಲ್ಲ. ನೀನು ತೆರೆದೇ ಇರಲಿಲ್ಲ. ಕೋಪ ಬಂತು ಎಂದು ಬರೆದರೆ ಸುಳ್ಳಾಗುತ್ತದೆ. ಅವನ ಮುಖದ ಕೆಳಗೆ ‘ಕಾಣೆಯಾಗಿದ್ದಾನೆ’ ಎಂಬುದನ್ನು ನೋಡಲು ನಿನಗೆ ಮನಸ್ಸು ಬಂದಿರಲಿಕ್ಕಿಲ್ಲ. ನನ್ನ ಬಾಯಿ ಮುಚ್ಚಿಸಲು ಒಂದು ಒಳ್ಳೆಯ ಮಾತು ಹೇಳಿದೆ, ಅಷ್ಟೇ. ತೆರೆದಿದ್ದರೆ ಅಂದೇ ಬಯಲಾಗುತ್ತಿತ್ತು ಎಂದು ಒಂದು ಕ್ಷಣ ಅನ್ನಿಸಿತು. ಆ ಲೆಕ್ಕ ಅಲ್ಲಿಗೇ ಬಿಟ್ಟೆ. ನನ್ನ ತಪ್ಪಿಗೆ ನಿನ್ನ ಪಾಲು ಹುಡುಕುವಷ್ಟು ನಾಚಿಕೆಗೆಟ್ಟಿಲ್ಲ.

ಫೋಟೋ ಮೇಲೆ ಹೋಗಿ ಒಂಬತ್ತನೆಯ ದಿನ ಮಧ್ಯಾಹ್ನ ಫೋನು ಬಂತು. ದಿಕ್ಕಿಲ್ಲದವರನ್ನು ಇಟ್ಟುಕೊಳ್ಳುವ ಒಂದು ಮನೆಯ ನರ್ಸಮ್ಮ. ಬಸ್ಸಿನಲ್ಲಿ ಐದು ಗಂಟೆಯ ದಾರಿ. ತಿಂಗಳಿಗೊಮ್ಮೆ ಕಾಣೆಯಾದವರ ಪುಟಗಳನ್ನೆಲ್ಲ ತಿರುವಿ ಹಾಕುತ್ತಾರಂತೆ. "ಇವನು ನಮ್ಮ ನಾಳೆ ಅಲ್ವಾ!" ಎಂದರು. ನನಗೆ ಅರ್ಥವಾಗಲಿಲ್ಲ. ಅವರು ಅವನಿಗೆ ಇಟ್ಟಿದ್ದ ಹೆಸರೇ ಅದು. ಹೆಸರು ಕೇಳಿದರೂ ಊರು ಕೇಳಿದರೂ ಊಟ ಆಯಿತಾ ಎಂದು ಕೇಳಿದರೂ ಅವನದು ಒಂದೇ ಉತ್ತರವಂತೆ: "ಅಕ್ಕ ನಾಳೆ ಬರ್ತಾಳೆ."

ಮರುದಿನವೇ ಹೋಗಿ ಬಂದೆ. ಕಿಟಕಿಯ ಪಕ್ಕದ ಅವನ ಮಂಚ ತೋರಿಸಿದರು. ಅಲ್ಲಿ ಈಗ ಒಬ್ಬ ಮುದುಕರಿದ್ದಾರೆ. ಆ ಮನೆಯ ಹೊದಿಕೆ, ಟವಲುಗಳನ್ನೆಲ್ಲ ಅವನೇ ಮಡಚುತ್ತಿದ್ದನಂತೆ. ಮೂರು ಮಡಿಕೆ, ಅಂಚು ಒಳಗೆ, ನೀನು ಆಸ್ಪತ್ರೆಯ ಬಟ್ಟೆ ಮಡಚುವುದನ್ನು ಕಲಿಸಿದ್ದೆಯಲ್ಲ, ಹಾಗೆಯೇ. ಬೇರೆ ಯಾರಾದರೂ ಮಡಚಿದರೆ ಬಿಚ್ಚಿ ಮತ್ತೆ ಮಾಡುತ್ತಿದ್ದ ಎಂದು ನರ್ಸಮ್ಮ ನಕ್ಕರು, ನಗುತ್ತಲೇ ಕಣ್ಣು ಒರೆಸಿಕೊಂಡರು. ಹದಿನೇಳು ತಿಂಗಳು ಅಲ್ಲಿದ್ದ. ಎರಡು ತಿಂಗಳ ಹಿಂದೆ, ಬ್ರೆಡ್ಡಿನ ವ್ಯಾನಿಗೆಂದು ಗೇಟು ತೆಗೆದಾಗ ಹೊರಗೆ ಹೋದವನು ಮತ್ತೆ ಸಿಗಲಿಲ್ಲ. ಅವರೂ ಹುಡುಕಿದ್ದಾರೆ, ಅವರನ್ನು ಬೈಯಲು ನನಗೆ ಬಾಯಿಲ್ಲ. ಹೋದ ವರ್ಷವೂ ನಮ್ಮ ಪುಟ ನೋಡಿದ್ದರಂತೆ. ಫೋಟೋ ಇರಲಿಲ್ಲ, ಮುಂದೆ ಹೋದರಂತೆ.

ಹದಿನೇಳು ತಿಂಗಳು ಅವನು ಅಲ್ಲಿ ನಿನ್ನನ್ನು ಕಾಯುತ್ತಾ ಕೂತಿದ್ದ, ಇಲ್ಲಿ ನಾನು ಅಂಚಿಗೆ ಯಾವ ಕೆಂಪು ಒಪ್ಪುತ್ತದೆ ಎಂದು ನೋಡುತ್ತಿದ್ದೆ.

ಬಸ್ಸಿನ ಸದ್ದು ಕೇಳಿದರೇ ಕಿವಿ ಮುಚ್ಚಿಕೊಳ್ಳುವವನು ಅಷ್ಟು ದೂರ ಹೇಗೆ ಹೋದ ಎಂದು ನೀನು ಕೇಳುತ್ತೀಯ. ಬಸ್ಸಿನ ಕಂಡಕ್ಟರೇ ಕೊನೆಯ ನಿಲ್ದಾಣದಲ್ಲಿ ಇಳಿಸಿ, ಅಲ್ಲಿಂದ ಕೈಹಿಡಿದು ಕರೆತಂದು ಬಿಟ್ಟನಂತೆ. ಹತ್ತಿದ್ದು ಹೇಗೋ, ಯಾಕೋ. ದೇವರೇ ಬಲ್ಲ.

ಇನ್ನು ನನಗೆ ಹೇಳಲು ಬೇರೆ ಇಲ್ಲ. ನೀನು ಬಾ ಎಂದು ಕರೆಯುತ್ತಿಲ್ಲ, ಕ್ಷಮಿಸು ಎಂದೂ ಕೇಳುತ್ತಿಲ್ಲ. ನಿನ್ನ ಹತ್ತಿರ ಅವನ ಇನ್ನೊಂದು ಫೋಟೋ ಇದ್ದರೆ ಕಳಿಸು, ಪಕ್ಕದಿಂದ ತೆಗೆದದ್ದು ಇದ್ದರೆ ಒಳ್ಳೆಯದು. ಈ ಸಲ ಸರಿಯಾಗಿ ಹಾಕುತ್ತೇನೆ. ಚಿಕ್ಕಮ್ಮನವರ ಮಂಡಿನೋವು ಹೇಗಿದೆ ಎಂದು ಬರೆ. ನಿನ್ನ ಚಳಿಯ ಕೋಟು ಇಲ್ಲೇ ಉಳಿದಿದೆ, ಬೇಕಾದರೆ ಯಾರ ಕೈಯಲ್ಲಾದರೂ ಕಳಿಸುತ್ತೇನೆ.

ಇಂತಿ,
ನಿನ್ನ ಬೋರ್ಡಿನವ

ವಿ.ಸೂ.: ರುಜು ಹಾಕಿ ಲಕೋಟೆಗೆ ಹಾಕಿದ್ದೆ. ಅಂಟಿಸಲು ಆಗಲಿಲ್ಲ, ತೆಗೆದು ಮತ್ತೆ ಬರೆಯುತ್ತಿದ್ದೇನೆ. ನರ್ಸಮ್ಮ ಹೇಳಿದ್ದರಲ್ಲಿ ಅರ್ಧ ಮಾತ್ರ ಮೇಲೆ ಬರೆದೆ. ಫೋಟೋ ಇಲ್ಲದಿದ್ದರೂ ಅವರು ಹೋದ ವರ್ಷವೇ ಫೋನು ಮಾಡುವವರಿದ್ದರು. ವಯಸ್ಸು ಹೊಂದಿತ್ತು, ಎತ್ತರ ಹೊಂದಿತ್ತು, ನೀಲಿ ಅಂಗಿ ಹೊಂದಿತ್ತು. "ಆದ್ರೆ ಕಾಲುವೆ ಕಡೆ ಹೋದೋನು ಅಂತ ಬರ್ದಿತ್ತಲ್ಲ, ನಮ್ಮೋನು ಬಸ್ಸಲ್ಲಿ ಬಂದೋನು, ಇವನಲ್ಲ ಅಂದ್ಕೊಂಡೆ" ಎಂದರು. ಅವನು ಕಾಲುವೆಯ ಕಡೆ ಹೋಗಿರಲಿಲ್ಲ. ನಾನು ಮಲಗಿರಲೂ ಇಲ್ಲ. ಆ ದಿನ ನಿನಗೆ ಆಸ್ಪತ್ರೆಯಲ್ಲಿ ಎರಡು ಪಾಳಿ ಇತ್ತು. ನಾನು ಬೋರ್ಡಿನ ಕೊನೆಯ ಸಾಲಿನಲ್ಲಿದ್ದೆ. ಅಕ್ಕ ಯಾವಾಗ ಬರ್ತಾಳೆ ಎಂದು ಇಪ್ಪತ್ತನೆಯ ಸಲವೋ ಮೂವತ್ತನೆಯ ಸಲವೋ ಕೇಳುತ್ತಾ ಅವನು ನನ್ನ ತೋಳು ಎಳೆದ, ಅಕ್ಷರ ಕೆಟ್ಟಿತು. "ನಿನ್ನಕ್ಕ ಬಸ್ ಸ್ಟ್ಯಾಂಡಲ್ಲಿ ಕಾಯ್ತಿದಾಳೆ, ಹೋಗಿ ಕರ್ಕೊಂಡ್ ಬಾ ಹೋಗು" ಎಂದುಬಿಟ್ಟೆ. ಅವನು ಚಪ್ಪಲಿ ಹಾಕಿಕೊಂಡು, ಎಡ ಬಲ ಸರಿ ಇದೆಯಾ ಎಂದು ನನಗೆ ತೋರಿಸಿ, ಮುಂಬಾಗಿಲಿನಿಂದಲೇ ಹೋದ. ಬೀದಿಯ ಕೊನೆಯಿಂದ ವಾಪಸು ಬರುತ್ತಾನೆ ಎಂದುಕೊಂಡೆ. ನೀನು ಬಂದು ಕೇಳಿದಾಗ ಹಿತ್ತಿಲ ಬಾಗಿಲು ಎಂಬ ಮಾತು ಬಾಯಿಗೆ ಬಂತು. ಆಮೇಲೆ ನಾಲ್ಕು ದಿನ ಕಾಲುವೆಯ ದಡದಲ್ಲಿ ಹಗ್ಗ ಹಿಡಿದು ನಿಂತೆ, ಆ ನೀರಿನಲ್ಲಿ ಅವನಿಲ್ಲ ಎಂದು ಗೊತ್ತಿದ್ದೂ. ಈಗ ಆ ಸಾಲು ಅಳಿಸಿ, ತಿದ್ದಿ, ಮೇಲೆ ಕಳಿಸಿದ್ದೇನೆ. ನೀನು ತೆರೆಯಲಾರೆ ಎಂದು ಇಲ್ಲಿಯೇ ಬರೆಯುತ್ತೇನೆ: ‘ಅಕ್ಕನನ್ನು ಕರೆತರಲು ಬಸ್ ನಿಲ್ದಾಣಕ್ಕೆ ಹೋದವನು. ಕಳಿಸಿದವನು ಅವನ ಭಾವ, ಈ ಪುಟ ಬರೆದವನು. ದಯವಿಟ್ಟು ನಿಮ್ಮ ಊರಿನ ಬಸ್ ನಿಲ್ದಾಣದಲ್ಲಿ ನೋಡಿ, ಇನ್ನೂ ಕಾಯುತ್ತಿರಬಹುದು.’