ಎಸಿ ಪೈಪಿಗೆ ಬೂಚ ಬಡದಾಂವ ನಿನ್ನ ತಮ್ಮ

ಮಧುಮತಿ,

ನಮ್ಮ ಹಳೇ ಕಾರಿನಾಗ ಕೊಣ್ಣೂರ ಹೊಳಿ ಬಂದೈತಿ. ಮೀನ ಕಂಡ್ರ ಹಿಡದಿಡು.

ಎಸಿ ನೀರ ಕಾರಿನ ಕೆಳಗ ಸೋರತೈತಂತ ನಿನ್ನ ತಮ್ಮ ಮುತ್ತು ಮಗ್ಗದ ಹರಕ ನೂಲ ಉಂಡಿ ಮಾಡಿ ಪೈಪಿನ ಬಾಯಾಗ ತುರುಕ್ಯಾನ. "ರಿಪೇರಿ ಆತು ಮಾಮಾ, ಚಾ ಕುಡಸ್ರಿ" ಅಂದ. ಆ ನೀರ ಹೊರಗ ಬೀಳಬೇಕ ಮಾರಾಯ್ತಿ! ಈಗ ಪೂರಾ ಒಳಗ ಹರದೈತಿ.

ಮ್ಯಾಟ್ ಬಿಸಲಿಗೆ ಹಾಕು. ಮುತ್ತೂಗ ಕೀಲಿ ಕೊಡಬ್ಯಾಡ. ಚಾನೂ ಕೊಡಬ್ಯಾಡ.

ಇವತ್ತ ನರಗುಂದಕ್ಕ ಮುಟ್ಟಿಸಬೇಕಾದ, ನೀ ನೇದ ಮದಲಗಿತ್ತಿ ಸೀರಿ ಗಂಟ ಸೀಟಿನ ಕೆಳಗ ಇತ್ತು. ತೊಯ್ದೈತಿ. ಬಣ್ಣ ಬಿಟ್ಟೈತೇನ ನೀನ ಬಿಚ್ಚಿ ನೋಡು. ಈ ಚೀಟಿ ಬರದ ನಿನ್ನ ಗಂಡಗ ಧೈರ್ಯ ಆಗಲಿಲ್ಲ. ಮೆಕ್ಯಾನಿಕ್ಕನ್ನ ಕರಕೊಂಡ ಬರೋ ನೆವಾ ಮಾಡಿ ರೋಣಕ್ಕ ಓಡ್ಯಾನ.