ತೆರೆದ ಕರಡಿಗೆ

ಯೆರವಡಾ, ಪುಣೆ
೯ ಫೆಬ್ರವರಿ ೧೯೮೬, ರವಿವಾರ

ಪ್ರೀತಿಯ ಅವ್ವನಿಗೆ, ನೀನು ಸಿಟ್ಟಿನಲ್ಲಿದ್ದೀ ಎಂದು ಗೊತ್ತಿದ್ದೂ ನಿನ್ನ ಗಂಗೂ ಮಾಡುವ ಶರಣಾರ್ಥಿ.

ಈರಬಸಪ್ಪಣ್ಣ ಬರೆದ ಕಾರ್ಡು ನಿನ್ನೆ ಮುಟ್ಟಿತು. ಅಕ್ಷರ ಅವನದು, ಮಾತು ನಿನ್ನದು. ಓದುವಾಗ ನೀನೇ ಎದುರಿಗೆ ಕೂತು ಗದರಿದಂತಾಯಿತು. “ವಿಮಾನಕ್ಕ ಬರತೀನಿ, ಆದರ ನನ್ನ ಲಿಂಗಕ್ಕ ಯಾರೂ ಕೈ ಹಚ್ಚಬಾರದು. ನೀನ ಅಲ್ಲಿ ಪೊಲೀಸ ಅದಿ, ಹಂಗ ಒಳಗ ಬಿಡು. ಆಗೂದಿಲ್ಲಂದ್ರ ಟಿಕೀಟ ತಿರುಗಿ ಕೊಡು.” ಇಷ್ಟು ಬರೆಸಿದ ಮೇಲೆ ಊಟ ಮಾಡಿದೆಯೋ ಇಲ್ಲವೋ ಅದನ್ನು ಮಾತ್ರ ಬರೆಸಲಿಲ್ಲ.

ಅವ್ವಾ, ಮೊದಲೇ ಹೇಳಿಬಿಡುತ್ತೇನೆ. ಹಾಗೇ ಒಳಗೆ ಬಿಡುವುದು ನನ್ನಿಂದ ಆಗುವುದಿಲ್ಲ. ಆದರೆ ಟಿಕೀಟನ್ನೂ ತಿರುಗಿ ಕೊಡುವುದಿಲ್ಲ. ದಿಲ್ಲಿಯಲ್ಲಿ ನಮ್ಮ ಇಂದೂ ಹಾಸಿಗೆ ಬಿಟ್ಟು ಏಳಬಾರದೆಂದು ಡಾಕ್ಟರು ಹೇಳಿದ್ದಾರೆ. ಹೋದ ಸಲದ ಕೂಸು ಏಳನೇ ತಿಂಗಳಲ್ಲಿ ಕೈತಪ್ಪಿತು, ಈಗ ಮತ್ತೆ ಏಳನೇ ತಿಂಗಳು. ಅವಳು ಪತ್ರದಲ್ಲಿ ಏನೂ ಕೇಳುವುದಿಲ್ಲ, “ಅವ್ವ ಯಾವಾಗ ಬರತಾಳ” ಎಂಬುದೊಂದನ್ನು ಬಿಟ್ಟು. ಸೊಂಟಕ್ಕೆ ಪಟ್ಟಿ ಕಟ್ಟಿಕೊಂಡು ಓಡಾಡುವ ನೀನು ರೈಲಿನಲ್ಲಿ ಒಂದೂವರೆ ದಿನ ಕೂತು ಹೋಗಲಾರೆ. ಅದಕ್ಕೇ ಅಳಿಯ ವಿಮಾನದ ಟಿಕೀಟು ತೆಗೆಸಿದ್ದು.

ನನ್ನ ಕೆಲಸದ ಬಗ್ಗೆ ನೀನು ಒಂದು ದಿನವೂ ಕೇಳಿದವಳಲ್ಲ. ವಿಮಾನ ನಿಲ್ದಾಣದಲ್ಲಿ ಪರದೆಯ ಹಿಂದೆ ನಿಂತು ಪರ ಹೆಂಗಸರ ಮೈ ತಡವುವ ಕೆಲಸವೆಂದು ನಿನಗೆ ಅಸಹ್ಯ. ಮೊದಮೊದಲು ನನಗೂ ಹಾಗೇ ಅನಿಸುತ್ತಿತ್ತು. ಹೋದ ವರ್ಷ ಕನಿಷ್ಕ ವಿಮಾನ ಬಾಂಬಿನಿಂದ ಸಮುದ್ರದ ಮೇಲೆ ಒಡೆದು ಮುನ್ನೂರಕ್ಕೂ ಹೆಚ್ಚು ಜನ ಸತ್ತರಲ್ಲ, ಆಮೇಲೆ ಕೈ ಹಿಂಜರಿಯುವುದು ನಿಂತಿತು. ಎಷ್ಟರ ಮಟ್ಟಿಗೆ ನಿಂತಿತೆಂದರೆ, ಎದುರಿಗಿರುವವಳಿಗೂ ಒಂದು ಮರ್ಯಾದೆ ಇದೆ ಎಂಬುದೇ ಮರೆತುಹೋಗಿತ್ತು.

ಅದನ್ನು ನೆನಪಿಸಿದವಳು ಸೊಲ್ಲಾಪುರದ ಕಡೆಯ ಒಬ್ಬ ಅಜ್ಜಿ. ದೀಪಾವಳಿ ಮುಗಿದ ವಾರ ಬಂದಿದ್ದಳು. ಲೋಹ ಹಿಡಿಯುವ ಕೈಯಂತ್ರ ಅವಳ ಎದೆಯ ಹತ್ತಿರ ಕೂಗಿತು. ಸೆರಗಿನ ಕೆಳಗೆ, ನಿನ್ನದರಂಥದೇ, ಲಿಂಗವಿಡುವ ಬೆಳ್ಳಿಯ ಕರಡಿಗೆ. ಮುಚ್ಚಿದ ಯಾವ ಡಬ್ಬಿಯನ್ನೂ ತೆರೆದು ನೋಡದೆ ಬಿಡಬಾರದೆಂಬುದು ನಮ್ಮ ನಿಯಮ. “ಉಘಡಾ”, ತೆರೆಯಿರಿ, ಎಂದು ಮರಾಠಿಯಲ್ಲಿ ಗದರಿ ಕೈ ಚಾಚಿಯೇಬಿಟ್ಟೆ. ಅದರೊಳಗೆ ಏನಿರುತ್ತದೆಂದು ನನಗಿಂತ ಚೆನ್ನಾಗಿ ಅಲ್ಲಿ ಯಾರಿಗೆ ಗೊತ್ತಿತ್ತು ಹೇಳು. ಆದರೆ ಖಾಕಿ ಹಾಕಿದ ಮೇಲೆ ನಾನು ಕನ್ನಡದವಳೆಂದು ತೋರಿಸಿಕೊಳ್ಳುತ್ತಿರಲಿಲ್ಲ.

ಅಜ್ಜಿ ಎರಡೂ ಕೈಯಿಂದ ಕರಡಿಗೆ ಒತ್ತಿ ಹಿಡಿದು ಹಿಂದೆ ಸರಿದಳು. “ಮುಟ್ಟಬ್ಯಾಡ್ರಿ ಬಾಯಾರ! ಇದು ನನ್ನ ಜೀವ ಅದ. ಜೀವ ತಗದು ನಿಮ್ಮ ಕೈಯಾಗ ಹ್ಯಾಂಗ ಕೊಡ್ಲಿ?” ಎಂದು ಅಳತೊಡಗಿದಳು. ಹೊರಗೆ ಸಾಲು ಬೆಳೆಯುತ್ತಿತ್ತು, ವಿಮಾನದ ಕರೆ ಆಗಿತ್ತು. ಅವಳು ಅತ್ತದ್ದು ನಿನ್ನ ಹಾಗೆಯೇ, ಸದ್ದಿಲ್ಲದೆ, ಗದ್ದ ನಡುಗಿಸಿಕೊಂಡು. ನನಗೆ ನಾಚಿಕೆಯಾಯಿತು ಅವ್ವಾ, ಭಾಳ ನಾಚಿಕೆಯಾಯಿತು.

ನನ್ನ ಬಾಯಿಂದ ಕನ್ನಡ ತಾನಾಗಿ ಬಂತು. “ಅಜ್ಜಿ, ನಾ ಮುಟ್ಟೂದಿಲ್ಲ. ನೀವ ತಗೀರಿ. ಪೂಜಾದಾಗ ಎಡಗೈಯಾಗ ಹ್ಯಾಂಗ ಇಟಗೋತೀರಿ, ಹಂಗ ಇಟಗೊಂಡು ತೋರಸ್ರಿ, ಸಾಕು” ಎಂದೆ. ಅವಳು ಕಣ್ಣರಳಿಸಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಅಳು ನಿಂತದ್ದೇ ತಡ, ಅವಳ ಅಧಿಕಾರ ಶುರುವಾಯಿತು. ಕೈ ತೊಳೆಯಲು ನೀರು ಬೇಕೆಂದಳು, ತಂದೆ. “ಬೂಟ ಕಳೀವಾ ಮೊದಲ” ಎಂದಳು, ಅದನ್ನೂ ಕಳಚಿ ಬರಿಗಾಲಲ್ಲಿ ನಿಂತೆ. ತಪಾಸಣೆ ಯಾರದು ಯಾರು ಮಾಡುತ್ತಿದ್ದಾರೆಂಬುದೇ ತಿಳಿಯದಂತಾಯಿತು!

ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ತೋರಿಸಿದಳು. ಬರಿದಾದ ಕರಡಿಗೆಯನ್ನು ಬೋರಲು ಮಾಡಿ ತಟ್ಟಿದಳು. ನಾನು ಬಗ್ಗಿ ಒಳಗೆಲ್ಲ ನೋಡಿದೆ. ನೋಡಬೇಕಾದದ್ದೆಲ್ಲ ನೋಡಿದ್ದಾಯಿತು, ಮುಟ್ಟಬಾರದ್ದನ್ನು ಮುಟ್ಟಲಿಲ್ಲ. ಹೋಗುವಾಗ ಅಜ್ಜಿ ತಿರುಗಿ, “ನೀ ಲಿಂಗ ಕಟ್ಟಿಕೊಂಡೀ ಏನವಾ?” ಎಂದು ಕೇಳಿದಳು. ವಿಮಾನಕ್ಕೆ ಹೊತ್ತಾಯಿತೆಂದು ಅವಸರ ಮಾಡಿ ಕಳಿಸಿಬಿಟ್ಟೆ.

ಒಬ್ಬ ಮುದುಕಿಗೆ ಎಂಟು ನಿಮಿಷ ಯಾಕೆ ಹಿಡಿಯಿತೆಂದು ಬರೆದು ಕೊಡಲು ನಮ್ಮ ಸಾಹೇಬರು ಹೇಳಿದರು. ಬೂಟು ಕಳಚಿದ್ದನ್ನೂ ಬಿಡದೆ ಬರೆದೆ. ಓದಿ, ಅದರೊಳಗೆ ಬೇರೇನಾದರೂ ಇದ್ದಿದ್ದರೆ ಏನು ಮಾಡುತ್ತಿದ್ದಿ ಎಂದು ಕೇಳಿದರು. ಇದ್ದಿದ್ದರೆ ಕಾಣುತ್ತಿತ್ತು ಸಾಹೇಬ, ಮುಚ್ಚಿದ್ದನ್ನು ನಾನು ಬಿಟ್ಟಿಲ್ಲ ಎಂದೆ. ನೌಕರಿ ಹೋಯಿತೆಂದೇ ಲೆಕ್ಕ ಹಾಕಿದ್ದೆ. ಮರುವಾರ ಪರದೆಯ ಹಿಂದೆ ಒಂದು ಸಣ್ಣ ಮೇಜು, ನೀರಿನ ತಂಬಿಗೆ, ಒಗೆದ ವಸ್ತ್ರ ಬಂದವು. ತಾಯತವಿರಲಿ, ಲಿಂಗವಿರಲಿ, ಕಟ್ಟಿಕೊಂಡವರೇ ತೆಗೆಯಲಿ, ಆದರೆ ತೆಗೆಯಲೇಬೇಕು ಎಂದು ಸಾಹೇಬರು ನಮ್ಮೆಲ್ಲರಿಗೂ ಹೇಳಿದರು. ಆ ತಂಬಿಗೆ ನೋಡಿ ನನಗೆ ಆದ ಸಂತೋಷ ಪಗಾರ ಹೆಚ್ಚಾದಾಗಲೂ ಆಗಿರಲಿಲ್ಲ.

ಅದಕ್ಕೇ ಹೇಳುವುದು, ನೀನೂ ತೆರೆಯಬೇಕು. ನಮ್ಮವ್ವ ಎಂದು ನಿನ್ನೊಬ್ಬಳನ್ನು ಬಿಟ್ಟರೆ ನಾಳೆ ಇನ್ನೊಬ್ಬ ಪೊಲೀಸನ ಅವ್ವ ಬರುತ್ತಾಳೆ, ನಾಡಿದ್ದು ಯಾವನೋ ಒಬ್ಬನ ಅಣ್ಣ. ಅದೇ ವಿಮಾನದಲ್ಲಿ ನೂರಾರು ಜನ ಕೂತಿರುತ್ತಾರೆ, ಅವರಿಗಾಗಿ ಬಾಗಿಲು ಕಾಯುವ ಇಂದೂಗಳೂ ಇರುತ್ತಾರೆ. ನಿನ್ನ ಮಾನ ಕಾಯುವುದು ನನ್ನ ಕೆಲಸ. ಅವರ ಜೀವ ಕಾಯುವುದೂ ನನ್ನದೇ ಕೆಲಸ.

ಇನ್ನೊಂದು ಮಾತು. ಸ್ವಂತದವರನ್ನು ನಾವು ತಪಾಸಣೆ ಮಾಡುವಂತಿಲ್ಲ. ನಿನ್ನನ್ನು ನೋಡುವವಳು ನನ್ನ ಜೊತೆಯ ಸಾವಿತ್ರಿಬಾಯಿ. ಮರಾಠಿಯವಳು, ಮಾತು ಒರಟು, ಮನಸ್ಸು ಬೆಣ್ಣೆ. ಅವಳು ಮುಟ್ಟುವುದಿಲ್ಲ. ಇದು ನನ್ನ ಮಾತು.

ಇಪ್ಪತ್ತೆರಡನೇ ತಾರೀಖು ಶನಿವಾರ. ಹಿಂದಿನ ದಿನವೇ ಅಣ್ಣ ನಿನ್ನನ್ನು ದೌಂಡದಿಂದ ಕರೆತರಲಿ. ಸ್ಟೇಶನ್ನಿಗೆ ನಾನೇ ಬರುತ್ತೇನೆ. ಇಂದೂಗೆ ಅಂಟಿನ ಉಂಡಿ ತರುವೆಯಾದರೆ ಡಬ್ಬಿ ಗಟ್ಟಿಯಾಗಿ ಕಟ್ಟಬೇಡ, ಅದನ್ನೂ ತೆರೆದು ನೋಡುತ್ತಾರೆ. ನನಗೂ ಎರಡು ಇಟ್ಟಿರು.

ಹಟದಲ್ಲಿ ನಿನ್ನನ್ನೇ ಹೋಲುವ ನಿನ್ನ ಮಗಳು
ಗಂಗೂ

ತಾ.ಕ.: ಅವ್ವಾ, ಇದನ್ನು ಅಣ್ಣನ ಕೈಯಿಂದ ಓದಿಸಬೇಡ. ನೀನೇ ಕೂಡಿಸಿ ಓದಲೆಂದು ದೊಡ್ಡ ಅಕ್ಷರದಲ್ಲಿ ಬರೆದಿದ್ದೇನೆ. ಲಿಂಗ ಕಟ್ಟಿಕೊಂಡಿದ್ದೀಯಾ ಎಂದು ಪ್ರತಿ ಕಾರ್ಡಿನಲ್ಲೂ ಕೇಳಿಸುತ್ತೀ. ಹೌದು ಎಂದು ಬರೆಯುತ್ತ ಬಂದೆ. ಅದು ಸುಳ್ಳು. ಪೊಲೀಸ್ ತರಬೇತಿಗೆ ಹೋದ ದಿನ, ಉಳಿದ ಹುಡುಗಿಯರು ನಕ್ಕಾರೆಂದು ಬಿಚ್ಚಿ ಪೆಟ್ಟಿಗೆಯಲ್ಲಿಟ್ಟೆ. ಮೂರು ವರ್ಷ ಅಲ್ಲೇ ಇತ್ತು. ಆ ಅಜ್ಜಿಗೆ ಉತ್ತರ ಕೊಡಲಾಗಲಿಲ್ಲವಲ್ಲ, ಮರುದಿನ ಬೆಳಿಗ್ಗೆ ಸ್ನಾನ ಮಾಡಿ ಮತ್ತೆ ಕಟ್ಟಿಕೊಂಡೆ. ಕೆಲಸಕ್ಕೆ ಹೋಗುವಾಗ ನಮ್ಮನ್ನೂ ತಪಾಸಣೆ ಮಾಡಿಯೇ ಒಳಗೆ ಬಿಡುತ್ತಾರೆ. ಅಂದಿನಿಂದ ಸಾವಿತ್ರಿಬಾಯಿ ದಿನಾ ನನ್ನ ಕರಡಿಗೆ ತೆರೆಸಿ ನೋಡುತ್ತಾಳೆ. ಬೂಟು ಕಳಚುವುದನ್ನು ಅವಳು ಒಂದು ದಿನವೂ ಮರೆತಿಲ್ಲ.